ಸೈಲೆನ್ಸರ್ ಸದ್ದು ಕಾರಿನೊಳಗೆ ತುಂಬುತ್ತಿದ್ದರೆ: ಶೀಟ್ ಹಾಕಿಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವನು. ನನ್ನದು ಎಂಟು ವರ್ಷ ಹಳೆಯ, ನಾಲ್ಕು ಸಿಲಿಂಡರಿನ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಾರು. ತಾಯಿಯವರನ್ನು ಕರೆದುಕೊಂಡು ಆಗಾಗ ವಿಜಯಪುರಕ್ಕೆ ಹೋಗಿಬರುತ್ತೇನೆ. ಕೆಲವು ತಿಂಗಳಿಂದ, ಐದನೇ ಗೇರಿನಲ್ಲಿ ಗಂಟೆಗೆ 75–80 ಕಿ.ಮೀ. ವೇಗಕ್ಕೆ ಬಂದು ಇಂಜಿನ್ 2400 ಆರ್‌ಪಿಎಂ ಆಸುಪಾಸು ತಲುಪಿದಾಗ, ಒಳಗೆಲ್ಲ ‘ಗುಂ’ ಎಂಬ ಸದ್ದು ತುಂಬಿ ಕಿವಿ ಒತ್ತಿದಂತಾಗುತ್ತದೆ. ಹಿಂದಿನ ಸೀಟಿನಲ್ಲಿ ಕೂರುವ ತಾಯಿಗೆ ತಲೆನೋವು ಬರುತ್ತಿದೆ. ಬೆಳಗಾವಿಯ ಅಂಗಡಿಯೊಂದರಲ್ಲಿ ನೆಲ, ಬಾಗಿಲು, ಡಿಕ್ಕಿಗೆಲ್ಲ ಡ್ಯಾಂಪಿಂಗ್ ಶೀಟ್ (ತಗಡಿನ ಕಂಪನ ತಗ್ಗಿಸುವ ಅಂಟುಹಾಳೆ) ಹಾಕಲು 30,000 ರೂಪಾಯಿ ಹೇಳಿದ್ದಾರೆ. ಇಲ್ಲಿಯ ಮೆಕ್ಯಾನಿಕ್ ಸೈಲೆನ್ಸರ್ ಬದಲಿಸಿದರೆ ಸಾಕು ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಸದ್ದಿನ ವಿಷಯಕ್ಕೆ ಬರುವ ಮೊದಲು ತಮ್ಮ ತಾಯಿಯವರ ತಲೆನೋವಿನ ಬಗ್ಗೆ ಹೇಳಬೇಕು. ಸೈಲೆನ್ಸರ್ ಸಾಲಿನಲ್ಲಿ, ಅಂದರೆ ಇಂಜಿನ್ನಿನಿಂದ ಹಿಂದಿನ ಬಾಯಿಯವರೆಗಿನ ಹೊಗೆಕೊಳವೆಯಲ್ಲಿ, ಎಲ್ಲಿಯಾದರೂ ಸೋರಿಕೆ ಇದ್ದರೆ ಅಲ್ಲಿಂದ ಹೊರಬರುವುದು ಸದ್ದು ಮಾತ್ರವಲ್ಲ, ಹೊಗೆಯೂ ಹೌದು. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮೊದಲು ಕಾಣಿಸುವ ಲಕ್ಷಣಗಳೇ ತಲೆನೋವು, ತಲೆಸುತ್ತು, ಹೊಟ್ಟೆ ತೊಳಸುವುದು. ಓಡುವ ಕಾರಿನ ಹಿಂಬದಿಯಲ್ಲಿ ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅಲ್ಲಿ ಸುಳಿಯುವ ಹೊಗೆ, ಡಿಕ್ಕಿಯ ಬೀಡಿಂಗ್ (ಅಂಚಿನ ರಬ್ಬರ್ ಪಟ್ಟಿ) ಸವೆದಿದ್ದರೆ ಅಥವಾ ನೆಲದ ರಬ್ಬರ್ ಬಿರಡೆ ಬಿದ್ದುಹೋಗಿದ್ದರೆ, ಒಳಕ್ಕೆ ಎಳೆಯಲ್ಪಡುತ್ತದೆ. ಮೊದಲು ತಲುಪುವುದು ಹಿಂದಿನ ಸೀಟಿನಲ್ಲಿ ಕುಳಿತವರನ್ನೇ. ತಲೆನೋವಿಗೆ ಬರಿಯ ಸದ್ದೇ ಕಾರಣವಾಗಿರಬಹುದು, ಬೇರೆ ಕಾರಣವೂ ಇರಬಹುದು. ಆದರೆ ಹೊಗೆ ಒಳಬರುತ್ತಿಲ್ಲ ಎಂಬುದು ಖಾತ್ರಿಯಾಗುವವರೆಗೆ ಅವರನ್ನು ಈ ಕಾರಿನಲ್ಲಿ ದೂರ ಕರೆದೊಯ್ಯಬೇಡಿ. ಅನಿವಾರ್ಯವಾಗಿ ಹೋಗಲೇಬೇಕಾದರೆ ಎಸಿಯ ಒಳಗಾಳಿ ತಿರುಗಿಸುವ ಗುಂಡಿಯನ್ನು ಬಂದ್ ಮಾಡಿ, ಹೊರಗಿನ ಗಾಳಿ ಬರುವಂತೆ ಬ್ಲೋವರ್ ಜೋರಾಗಿಟ್ಟು, ಮುಂದಿನ ಕಿಟಕಿಗಳನ್ನು ತೆರೆದುಕೊಳ್ಳಿ. ಡಿಕ್ಕಿ ಅರೆತೆರೆದು ಸಾಮಾನು ಕಟ್ಟಿಕೊಂಡು ಹೋಗುವುದನ್ನಂತೂ ಎಂದಿಗೂ ಮಾಡಬೇಡಿ. ಕಾರಿನಿಂದ ಇಳಿದು ಸ್ವಲ್ಪ ಹೊತ್ತಿಗೆ ತಲೆನೋವು ಕಡಿಮೆಯಾಗುತ್ತಿದ್ದರೆ, ಅಥವಾ ಜೊತೆಗಿದ್ದ ಇತರರಿಗೂ ಹಾಗೇ ಆಗುತ್ತಿದ್ದರೆ, ಕಾರನ್ನು ನಿಲ್ಲಿಸಿ ವೈದ್ಯರಿಗೆ ಈ ಸಂಶಯವನ್ನು ಸ್ಪಷ್ಟವಾಗಿ ತಿಳಿಸಿ.

ಈ ಕಾರಣಕ್ಕಾಗಿಯೇ ಶೀಟ್ ಹಾಕಿಸುವ ಕೆಲಸ ಕೊನೆಯದಾಗಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಹೊಸದಾಗಿ ಹುಟ್ಟಿಕೊಂಡ ಸದ್ದು ಎಂದರೆ ಯಾವುದೋ ಭಾಗ ಸವೆದಿದೆ, ಸಡಿಲವಾಗಿದೆ ಅಥವಾ ಒಡೆದಿದೆ ಎಂದರ್ಥ. ಆ ದೋಷವನ್ನು ಹಾಗೇ ಬಿಟ್ಟು ಒಳಗಿನಿಂದ ಮುಚ್ಚಿದರೆ ಎಚ್ಚರಿಕೆಯ ಸದ್ದು ಕಡಿಮೆಯಾಗುತ್ತದೆ, ಅಪಾಯ ಕಡಿಮೆಯಾಗುವುದಿಲ್ಲ. ಎಂಟು ವರ್ಷ ಹಿತವಾಗಿ ಓಡಿದ ಕಾರಿಗೆ ಕಾರ್ಖಾನೆಯವರು ಹಾಕಿದ ಶೀಟುಗಳೇ ಸಾಕಾಗಿದ್ದವು. ಬದಲಾದದ್ದು ಕೆಳಗಿನ ಭಾಗ, ನೆಲವಲ್ಲ.

ಈಗ ತಾವು ಕೊಟ್ಟ ಒಂದು ಅಂಕಿಯನ್ನು ನೋಡೋಣ. ತಮ್ಮ ಪ್ರಶ್ನೆಯಲ್ಲಿ ಅತ್ಯಂತ ಉಪಯುಕ್ತವಾದ ಮಾಹಿತಿ ಅದೇ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಇಂಧನ ಉರಿಸುತ್ತದೆ. 2400 ಆರ್‌ಪಿಎಂ ಎಂದರೆ ಸೆಕೆಂಡಿಗೆ 40 ಸುತ್ತು, ಅಂದರೆ ಸೈಲೆನ್ಸರ್ ಕೊಳವೆಯಲ್ಲಿ ಸೆಕೆಂಡಿಗೆ 80 ಬಡಿತಗಳು: 80 ಹರ್ಟ್ಸ್‌ನ ಸದ್ದು. ಗಾಳಿಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಸಾಗುವುದರಿಂದ ಈ ಸದ್ದಿನ ಒಂದು ಅಲೆಯ ಉದ್ದ 4.3 ಮೀಟರ್, ಅರ್ಧ ಅಲೆಯ ಉದ್ದ 2.15 ಮೀಟರ್. ಸಣ್ಣ ಕಾರಿನ ಒಳಗೆ ಮುಂದಿನ ಗಾಜಿನಿಂದ ಹಿಂದಿನ ಗಾಜಿನವರೆಗಿನ ಉದ್ದವೂ ಹೆಚ್ಚುಕಡಿಮೆ ಇದೇ ಅಳತೆಯಲ್ಲಿರುತ್ತದೆ. ಹೀಗೆ ಅರ್ಧ ಅಲೆ ಕ್ಯಾಬಿನ್ನಿನ ಉದ್ದಕ್ಕೆ ಸರಿಹೊಂದಿದಾಗ ಒಳಗಿನ ಗಾಳಿಯೇ ಅನುರಣಿಸತೊಡಗುತ್ತದೆ, ಕೆಳಗಿನ ಸಣ್ಣ ನಡುಕವೂ ದೊಡ್ಡ ಗುಂಯ್‌ಗಾಟವಾಗುತ್ತದೆ. ಸೀಟು, ಡ್ಯಾಶ್‌ಬೋರ್ಡುಗಳು ನಡುವೆ ಇರುವುದರಿಂದ ಲೆಕ್ಕ ಅಂಕಿಗೆ ಅಂಕಿ ಹೊಂದುವುದಿಲ್ಲ, ಆದರೆ ತಾವು ಬರೆದ ಲಕ್ಷಣಗಳಿಗೆ ಇದು ಚೆನ್ನಾಗಿ ಕೂಡುತ್ತದೆ. ಇಂಥ ಅನುರಣನದಲ್ಲಿ ಒತ್ತಡ ಹೆಚ್ಚಿರುವುದು ಎರಡು ತುದಿಗಳಲ್ಲಿ, ಕಡಿಮೆ ಇರುವುದು ನಡುವಿನಲ್ಲಿ. ಸದ್ದು ಬಂದಾಗ ಹಿಂದಿನ ಸೀಟಿನಲ್ಲಿ ಕುಳಿತವರು ಮುಂದಕ್ಕೆ ಬಾಗಿ, ಮುಂದಿನ ಸೀಟಿನ ಬೆನ್ನಿನ ಹತ್ತಿರ ತಲೆ ತಂದರೆ ಗುಂಯ್‌ಗಾಟ ಇಳಿಯುತ್ತದೆಯೇ ಎಂದು ಗಮನಿಸಲಿ. ಇಳಿದರೆ ನಾನು ಹೇಳಿದ್ದು ಸರಿ.

ಆದರೂ ಮೂಲ ಸೈಲೆನ್ಸರೇ ಎಂದು ಮೊದಲು ದೃಢಪಡಿಸಿಕೊಳ್ಳಬೇಕು, ಏಕೆಂದರೆ ಸವೆದ ಟೈರು ಮತ್ತು ಚಕ್ರದ ಬೇರಿಂಗು ಸಹ ಇಂಥದೇ ಗುಂಯ್ ಸದ್ದು ಮಾಡುತ್ತವೆ. ಬಯಲಿನಲ್ಲಿ ಕಾರು ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ನಿಧಾನವಾಗಿ 2400 ಆರ್‌ಪಿಎಂವರೆಗೆ ಏರಿಸಿ. ನಿಂತಲ್ಲಿಯೂ ಅದೇ ಸದ್ದು ಬಂದರೆ ಟೈರು, ಬೇರಿಂಗುಗಳನ್ನು ಪಟ್ಟಿಯಿಂದ ತೆಗೆದುಹಾಕಬಹುದು. ನಿಂತಾಗ ಬಾರದಿದ್ದರೆ, ಕೋಲ್ಹಾರ ಸೇತುವೆಯ ಆಚೀಚೆ ಇರುವಂಥ ನೇರವಾದ, ವಾಹನ ಕಡಿಮೆ ಇರುವ ರಸ್ತೆಯಲ್ಲಿ 80ರ ವೇಗದಲ್ಲಿರುವಾಗ ನಾಲ್ಕನೇ ಗೇರಿಗೆ ಇಳಿಸಿ ಅದೇ ವೇಗ ಕಾಯ್ದುಕೊಳ್ಳಿ: ಸದ್ದು ಮಾಯವಾದರೆ ಅಥವಾ ಸ್ವರ ಬದಲಿಸಿದರೆ ಅದು ಇಂಜಿನ್ ಸಾಲಿಗೆ ಸೇರಿದ್ದು. ನಂತರ ಕ್ಲಚ್ ಒತ್ತಿ ಇಂಜಿನ್ ಐಡ್ಲಿಂಗಿಗೆ ಇಳಿಯಲು ಬಿಡಿ. ಆಗಲೂ ಸದ್ದು ಉಳಿದರೆ ಟೈರಿನ ಕಡೆ ನೋಡಿ. ಯಾವ ಕಾರಣಕ್ಕೂ ಓಡುವಾಗ ಕೀಲಿ ತಿರುಗಿಸಿ ಇಂಜಿನ್ ಆರಿಸಬೇಡಿ. ಬ್ರೇಕಿನ ಬಲ ಕುಗ್ಗುತ್ತದೆ, ಸ್ಟೀರಿಂಗ್ ಬಿಗಿಯಾಗುತ್ತದೆ. ಇನ್ನೊಂದು ಸೂಕ್ಷ್ಮವೂ ಇದೆ. ಆಕ್ಸಲರೇಟರ್ ಒತ್ತಿದಾಗ ಮಾತ್ರ ಗುಂಯ್‌ಗುಟ್ಟಿ, ಕಾಲು ತೆಗೆದಾಗ ನಿಲ್ಲುತ್ತಿದ್ದರೆ ಸಂಶಯ ಇಂಜಿನ್ ಮೌಂಟಿಂಗ್ (ಇಂಜಿನ್ನನ್ನು ಬಾಡಿಗೆ ಕೂರಿಸುವ ರಬ್ಬರ್ ಆಧಾರ) ಅಥವಾ ಸೋರಿಕೆಯ ಕಡೆಗೆ ವಾಲುತ್ತದೆ. ಏರ್ ಫಿಲ್ಟರ್ ಡಬ್ಬಿಯ ಕ್ಲಿಪ್ ಸರಿಯಾಗಿ ಕೂಡದಿದ್ದರೂ ಇದೇ ಬಗೆಯ ಗಂಭೀರ ಸದ್ದು ಬರುತ್ತದೆ. ಬಾನೆಟ್ ತೆರೆದು ಅದನ್ನು ನೋಡಲು ಒಂದು ನಿಮಿಷ ಸಾಕು.

ಮೂಲ ಸೈಲೆನ್ಸರ್ ಸಾಲು ಎಂದಾದ ಮೇಲೆ, ಸದ್ದು ಒಳಗೆ ಬರುವ ದಾರಿ ಎರಡು ಎಂಬುದನ್ನು ನೆನಪಿಡಿ. ಒಂದು ಗಾಳಿಯ ಮೂಲಕ. ಇನ್ನೊಂದು ಲೋಹದ ಮೂಲಕ, ಅಂದರೆ ಕೊಳವೆಯ ನಡುಕ ನೇರವಾಗಿ ಬಾಡಿಗೆ ಏರಿ. ನಮ್ಮ ಭಾಗದಲ್ಲಿ ನಾನು ನೋಡುವ ಕಾರುಗಳಲ್ಲಿ ಎರಡನೆಯ ದಾರಿಯದೇ ಹೆಚ್ಚು ಉಪದ್ರವ, ಮತ್ತು ಅದನ್ನೇ ಹೆಚ್ಚಿನವರು ಮರೆಯುತ್ತಾರೆ. ಮಿರಜಿನ ತಂಬೂರಿಯಲ್ಲಿ ತಂತಿಯ ಸಣ್ಣ ನಡುಕ ಕುದುರೆಯನ್ನು ದಾಟಿ ಬುರುಡೆಗೆ ಇಳಿದು ಕೋಣೆ ತುಂಬುವ ನಾದವಾಗುತ್ತದಲ್ಲ, ಇಲ್ಲಿ ಕೊಳವೆಯೇ ತಂತಿ, ಅದನ್ನು ತೂಗುಹಾಕಿದ ಹ್ಯಾಂಗರ್‌ಗಳೇ ಕುದುರೆ, ಕಾರಿನ ನೆಲವೇ ಬುರುಡೆ. ಹ್ಯಾಂಗರಿನಲ್ಲಿ ಮೆತ್ತನೆಯ ರಬ್ಬರ್ ಇರುವುದೇ ಈ ನಡುಕವನ್ನು ಅಲ್ಲಿಯೇ ತಡೆಯಲಿಕ್ಕೆ. ವಿಜಯಪುರ, ಬಾಗಲಕೋಟೆಗಳ ಬೇಸಿಗೆಯ ಕಾವು ಮತ್ತು ಕೊಳವೆಯ ಬಿಸಿ ಸೇರಿ ವರ್ಷಗಳಲ್ಲಿ ಈ ರಬ್ಬರು ಗಟ್ಟಿಯಾಗಿ ಸೀಳುಬಿಡುತ್ತದೆ. ಹಳ್ಳಿಹಳ್ಳಿಗೂ ಇರುವ ಎತ್ತರದ ಹಂಪುಗಳಿಗೆ ಸೈಲೆನ್ಸರ್ ತಾಗಿ ಹರಿಯುವುದೂ ಉಂಟು. ಆಗ ಗ್ಯಾರೇಜಿನಲ್ಲಿ ತಂತಿ ಸುತ್ತಿ ಕಟ್ಟಿ ಕಳಿಸುತ್ತಾರೆ. ಊರು ತಲುಪಲು ತಂತಿ ಸರಿ, ಅದನ್ನೇ ಕಾಯಂ ಮಾಡಿದರೆ ಇಂಜಿನ್ನಿನ ಪ್ರತಿ ಬಡಿತವೂ ನೆಲಕ್ಕೆ ದಾಟುತ್ತದೆ.

ಆದುದರಿಂದ ಕಾರು ಪೂರ್ತಿ ತಣ್ಣಗಾದ ಮೇಲೆ ಪಿಟ್ ಅಥವಾ ಲಿಫ್ಟ್ ಇರುವ ಗ್ಯಾರೇಜಿಗೆ ಹೋಗಿ, ತಾವೇ ನಿಂತು ನೋಡಿ. ಬರಿಯ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬೇಡಿ. ಸೈಲೆನ್ಸರನ್ನು ಕೈಯಿಂದ ಎಡಬಲಕ್ಕೆ, ಮೇಲೆ ಕೆಳಗೆ ಅಲುಗಿಸಿದಾಗ ಅದು ಎಲ್ಲಿಯೂ ಬಾಡಿಗೆ, ಆಕ್ಸಲ್ಲಿಗೆ, ಹೀಟ್ ಶೀಲ್ಡಿಗೆ (ಕೊಳವೆಯ ಬಿಸಿ ಬಾಡಿಗೆ ತಾಗದಂತೆ ತಡೆಯುವ ತಗಡು) ತಾಗಬಾರದು. ಸುತ್ತಲೂ ಬೆರಳು ದಾಟುವಷ್ಟು ಎಡೆ ಬೇಕು. ಪ್ರತಿ ರಬ್ಬರನ್ನೂ ಹಿಂಡಿ ನೋಡಿ: ಗಟ್ಟಿಯಾಗಿದ್ದರೆ, ಸೀಳಿದ್ದರೆ, ಒಂದೇ ಬದಿಗೆ ಎಳೆದುಕೊಂಡಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ. ಕಂಪನಿಯ ಭಾಗ ಸಂಖ್ಯೆಗೆ ಹೊಂದುವ ರಬ್ಬರನ್ನೇ ತರಿಸಿ. ಬಾಳಿಕೆ ಬರುತ್ತದೆಂದು ಗಟ್ಟಿಯಾದ ಪಾಲಿಯುರಿಥೇನ್ ಹ್ಯಾಂಗರ್ ಹಾಕಿಸಬೇಡಿ. ಅದು ಓಟದ ಕಾರಿಗೆ ಸರಿ, ನಡುಕವನ್ನು ಹೆಚ್ಚು ದಾಟಿಸುತ್ತದೆ. ಕರಿಮಣ್ಣಿನ ರಸ್ತೆಯಲ್ಲಿ ಮಳೆಗಾಲ ಓಡಾಡಿದ್ದರೆ ಹೀಟ್ ಶೀಲ್ಡ್ ಮತ್ತು ಕೊಳವೆಯ ನಡುವೆ ಎರೆಮಣ್ಣು ತುಂಬಿ ಇಟ್ಟಿಗೆಯಂತೆ ಗಟ್ಟಿಯಾಗಿರುತ್ತದೆ, ಅದೂ ಒಂದು ಸೇತುವೆಯೇ. ಅದನ್ನು ಕೆರೆದು ತೆಗೆಸಿ. ಶೀಲ್ಡಿನ ತುಕ್ಕುಹಿಡಿದ ಬೋಲ್ಟಿನ ಸುತ್ತ ತೂತು ದೊಡ್ಡದಾಗಿ ಅದು ಗಿರಗಿರ ಎನ್ನುತ್ತಿದ್ದರೆ ಅಗಲವಾದ ವಾಶರ್ ಹಾಕಿ ಬಿಗಿಸಿದರೆ ಸಾಕು. ಆದರೆ ಶೀಲ್ಡನ್ನು ಕಿತ್ತು ಬಿಸಾಡಿಸಬೇಡಿ, ಹೊಗೆಯ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿನ ಹೊರಮೈ ನೂರಾರು ಡಿಗ್ರಿ ಕಾಯುತ್ತದೆ.

ಇನ್ನು ಬೆಲ್ಲೋಸ್. ಸಿಲಿಂಡರುಗಳ ಹೊಗೆಯನ್ನು ಒಂದುಗೂಡಿಸುವ ಮ್ಯಾನಿಫೋಲ್ಡಿನ ನಂತರ ಉಕ್ಕಿನ ಜಾಲರಿ ಹೊದ್ದ ಬಾಗುವ ತುಂಡೊಂದು ಇರುತ್ತದೆ. ಇಂಜಿನ್ ಅಡ್ಡಲಾಗಿ ಕೂತ ಕಾರುಗಳಲ್ಲಿ ಆಕ್ಸಲರೇಟರ್ ಒತ್ತಿದಾಗಲೆಲ್ಲ ಇಂಜಿನ್ ಮುಂದೆ ಹಿಂದೆ ತೂಗುತ್ತದೆ, ಆ ತೂಗಾಟವನ್ನು ನುಂಗುವುದು ಈ ತುಂಡು. ಇದು ಹರಿದಾಗ ಸದ್ದೂ ಹೊಗೆಯೂ ಸೋರುತ್ತವೆ. ಹೊಸದು ದುಬಾರಿ ಎಂದು ಅದನ್ನು ಕತ್ತರಿಸಿ ನೇರ ಪೈಪ್ ವೆಲ್ಡ್ ಮಾಡುವ ರೂಢಿ ಇದೆ. ದಯವಿಟ್ಟು ಅದಕ್ಕೆ ಒಪ್ಪಬೇಡಿ. ಹಾಗೆ ಮಾಡಿದರೆ ಸೋರಿಕೆ ನಿಲ್ಲುತ್ತದೆ, ಆದರೆ ಇಂಜಿನ್ನಿನ ಇಡೀ ತೂಗಾಟ ಕೊಳವೆಗೂ ಅಲ್ಲಿಂದ ಬಾಡಿಗೂ ದಾಟುತ್ತದೆ, ಕೆಲಕಾಲದ ನಂತರ ಮ್ಯಾನಿಫೋಲ್ಡೇ ಬಿರುಕು ಬಿಡಬಹುದು. ತಮ್ಮ ಕಾರಿನಲ್ಲಿ ಈ ಹಿಂದೆ ಯಾರಾದರೂ ಈ ಕೆಲಸ ಮಾಡಿದ್ದಾರೆಯೇ ಎಂದು ಮೊದಲು ನೋಡಿ. ಅದೇ ಜಾಗದಲ್ಲಿ ವೆಲ್ಡಿಂಗ್ ಗೆರೆ ಕಂಡರೆ ಬೇರೆ ಹುಡುಕಾಟವೇ ಬೇಡ. ಅಳತೆಗೆ ಹೊಂದುವ ಬೆಲ್ಲೋಸ್ ತಂದು ಅಚ್ಚುಕಟ್ಟಾಗಿ ಕೂರಿಸಿಕೊಡುವಂಥ ಫ್ಯಾಬ್ರಿಕೇಶನ್ ಕೆಲಸಗಾರರು ಬೆಳಗಾವಿಯ ಉದ್ಯಮಬಾಗದ ಕಡೆ ಸಿಗುತ್ತಾರೆ.

ಸೋರಿಕೆಯನ್ನು ಪತ್ತೆಹಚ್ಚುವುದು ಬೆಳಿಗ್ಗೆ, ಇಂಜಿನ್ ತಣ್ಣಗಿರುವಾಗ ಸುಲಭ. ಲೋಹ ಕಾದು ಹಿಗ್ಗಿದ ಮೇಲೆ ಸಣ್ಣ ಸಂದುಗಳು ಮುಚ್ಚಿಕೊಳ್ಳುವುದರಿಂದ, ಶುರು ಮಾಡಿದ ಕೂಡಲೇ ಕೇಳುವ ಟಕಟಕ ಸದ್ದು ಆಮೇಲೆ ಅಡಗಿಬಿಡುತ್ತದೆ. ಬಯಲಿನಲ್ಲಿ ಕಾರು ನಿಲ್ಲಿಸಿ, ಒಬ್ಬರು ದಪ್ಪ ಕೈಗವಸು ಹಾಕಿಕೊಂಡು ಮಡಿಚಿದ ಒದ್ದೆ ಬಟ್ಟೆಯಿಂದ ಹಿಂದಿನ ಕೊಳವೆಯ ಬಾಯನ್ನು ಕೆಲವೇ ಸೆಕೆಂಡು ಅರೆಮುಚ್ಚಿದರೆ, ಸೋರುವ ಜಾಗದಿಂದ ಸುಸ್ ಎಂಬ ಸದ್ದು ಕೇಳಿಸುತ್ತದೆ. ಜೋಡಣೆಗಳ ಮೇಲೆ ಸೋಪಿನ ನೀರು ಹಚ್ಚಿದ್ದರೆ ಗುಳ್ಳೆಗಳೂ ಏಳುತ್ತವೆ. ಕೊಳವೆಗಳನ್ನು ಬೋಲ್ಟಿನಿಂದ ಜೋಡಿಸುವ ಫ್ಲೇಂಜುಗಳ ಸುತ್ತ ಕಪ್ಪು ಮಸಿಯ ಗೆರೆ ಇದ್ದರೆ ಅಲ್ಲಿಯ ಪ್ಯಾಕಿಂಗ್ ಹೋಗಿದೆ. ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರಿಗಿಂತ ಮುಂಚೆ, ಇಂಜಿನ್ನಿನ ಕಡೆ, ಸೋರಿಕೆ ಇದ್ದರೆ ಮೈಲೇಜಿಗೂ ಪೆಟ್ಟು ಬೀಳುತ್ತದೆ: ಅಲ್ಲಿಂದ ಹೊರಗಾಳಿ ಒಳಗೆ ಎಳೆದುಕೊಂಡು ಸೆನ್ಸರಿಗೆ ಪೆಟ್ರೋಲ್ ಕಡಿಮೆಯಾದಂತೆ ತೋರುತ್ತದೆ, ಇಂಜಿನ್ನಿನ ಕಂಪ್ಯೂಟರ್ ವೃಥಾ ಹೆಚ್ಚು ಪೆಟ್ರೋಲ್ ಕೊಡುತ್ತದೆ. ಹಿಂದಿನ ತುದಿಯ ಸೈಲೆನ್ಸರ್ ಡಬ್ಬಿಯ ತಳದಲ್ಲಿ ಕಾಣುವ ಸೂಜಿಮೊನೆಯಷ್ಟು ತೂತು ಮಾತ್ರ ದೋಷವಲ್ಲ, ನೀರು ಇಳಿಯಲು ಬಿಟ್ಟದ್ದು; ಅದನ್ನು ವೆಲ್ಡ್ ಮಾಡಿಸಿ ಮುಚ್ಚಿಸಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಹುಟ್ಟುತ್ತದೆ. ದೂರದ ಓಟದಲ್ಲಿ ಅದು ಆವಿಯಾಗಿ ಹೋಗುತ್ತದೆ, ಊರೊಳಗಿನ ಎರಡು–ಮೂರು ಕಿಲೋಮೀಟರಿನ ಓಡಾಟದಲ್ಲಿ ಡಬ್ಬಿಯೊಳಗೇ ಉಳಿದು ಒಳಗಿನಿಂದ ತುಕ್ಕು ತಿನ್ನುತ್ತದೆ.

ಈ ತುಕ್ಕಿನಿಂದಾಗಿಯೇ ತಮ್ಮ ಮೆಕ್ಯಾನಿಕ್ ಹೇಳಿದ್ದೂ ಸುಳ್ಳಾಗಲಿಕ್ಕಿಲ್ಲ. ಹೊರಮೈ ಚೆನ್ನಾಗಿದ್ದರೂ ಒಳಗಿನ ತಡೆಗೋಡೆ ಕಳಚಿರಬಹುದು, ಹೀರುವ ಗ್ಲಾಸ್ ವೂಲ್ ಹಾರಿಹೋಗಿರಬಹುದು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದಾಗ ಒಳಗೆ ಏನಾದರೂ ಖಡಖಡ ಎಂದರೆ ಬದಲಿಸುವುದೇ ದಾರಿ. ಬದಲಿಸುವಾಗ ಕಂಪನಿಯದನ್ನೇ, ಇಲ್ಲವೆ ತೂಕದಲ್ಲಿ ಅದಕ್ಕೆ ಸಮನಾದದ್ದನ್ನು ಕೊಳ್ಳಿ. ಹಳೆಯದನ್ನೂ ಹೊಸದನ್ನೂ ತಕ್ಕಡಿಯಲ್ಲಿಟ್ಟು ನೋಡಿದರೆ ತಗಡಿನ ದಪ್ಪದ ಬಗ್ಗೆ ಅಂಗಡಿಯವರ ಮಾತನ್ನು ನಂಬಬೇಕಾಗಿಲ್ಲ. ಹಳೆಯ ಡಬ್ಬಿ ಸೀಳಿ ಒಳಗೆ ಉಕ್ಕಿನ ನಾರು ತುಂಬಿ ಮತ್ತೆ ಬೆಸೆಯುವ ಅಗ್ಗದ ಉಪಾಯ ಕೆಲವೇ ದಿನಗಳದ್ದು. ನಾರು ಸುಟ್ಟು ಮುದ್ದೆಯಾಗಿ ದಾರಿ ಕಟ್ಟುತ್ತದೆ. ಕೂರಿಸುವ ಕ್ರಮವೂ ಮುಖ್ಯ. ಎಲ್ಲ ಬೋಲ್ಟುಗಳನ್ನು ಸಡಿಲವಾಗಿಟ್ಟು, ಕೊಳವೆ ರಬ್ಬರುಗಳ ಮೇಲೆ ತಾನಾಗಿ ನೇರವಾಗಿ ತೂಗಲು ಬಿಟ್ಟು, ಆಮೇಲೆ ಮುಂದಿನಿಂದ ಹಿಂದಕ್ಕೆ ಬಿಗಿಸುತ್ತ ಬರಬೇಕು. ಒತ್ತಾಯದಿಂದ ಎಳೆದು ಬಿಗಿಸಿದ ಕೊಳವೆ ಹೊಸದಾದರೂ ಗುಂಯ್‌ಗುಟ್ಟುತ್ತದೆ. ಹಿಂದಿನ ಬಾಯಿ ಬಂಪರಿನ ಕೆಳಗೇ ಮುಗಿಯದೆ ಬಾಡಿಯ ಅಂಚನ್ನು ದಾಟಿರಲಿ, ಹೊಗೆ ಕೆಳಗೆ ಸುತ್ತಬಾರದು.

ಒಳಗೆ ತಡೆ ಕಡಿಮೆ ಇರುವ ‘ಫ್ರೀ ಫ್ಲೋ’ ಸೈಲೆನ್ಸರ್ ಹಾಕಿಸಿದರೆ ಇಂಜಿನ್ ಹಗುರಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ತಾವು ಈಗ ಪಡುತ್ತಿರುವ ಕಷ್ಟವನ್ನು ದುಡ್ಡು ಕೊಟ್ಟು ಕೊಂಡಂತಾಗುತ್ತದೆ. ಮಿಗಿಲಾಗಿ, ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಸದ್ದು ತಗ್ಗಿಸುವ ಸೈಲೆನ್ಸರನ್ನು ಕಡ್ಡಾಯ ಮಾಡಿದೆ. ಶಬ್ದ ಮತ್ತು ವಾಯುಮಾಲಿನ್ಯದ ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಮಿನಡಿ, 2019ರ ತಿದ್ದುಪಡಿಯ ನಂತರ, 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡೂ ಆಗಬಹುದು.

ಈಗ ಶೀಟಿನ ಮಾತು. ಬ್ಯುಟೈಲ್ ರಬ್ಬರಿಗೆ ಅಲ್ಯುಮಿನಿಯಂ ಹಾಳೆ ಅಂಟಿಸಿದ ಡ್ಯಾಂಪಿಂಗ್ ಶೀಟ್ ಒಳ್ಳೆಯ ವಸ್ತುವೇ. ಆದರೆ ಅದರ ಕೆಲಸ ತಗಡಿನ ಕಂಪನವನ್ನು ತಡೆಯುವುದು, ಸದ್ದಿಗೆ ಗೋಡೆ ಕಟ್ಟುವುದಲ್ಲ. ಗೋಡೆಯಾಗಲು ತೂಕ ಬೇಕು: ತೂಕ ಎರಡು ಪಟ್ಟಾದರೆ ತಡೆ ಹೆಚ್ಚುವುದು ಸುಮಾರು 6 ಡೆಸಿಬಲ್, ಸದ್ದಿನ ಆವರ್ತನ ಅರ್ಧವಾದರೆ ಅದೇ ಗೋಡೆಯ ತಡೆ ಅಷ್ಟೇ ಇಳಿಯುತ್ತದೆ. ಹೀಗಾಗಿ ಗಾಳಿಯ ಸುಸುಸು, ಟೈರಿನ ಕರಕರಗಳನ್ನು ಚೆನ್ನಾಗಿ ತಡೆಯುವ ಹೊದಿಕೆ 80 ಹರ್ಟ್ಸ್‌ನ ಮುಂದೆ ನಿಸ್ಸಹಾಯಕವಾಗುತ್ತದೆ. ಫೋಮಿನ ಕಥೆ ಇನ್ನೂ ದುರ್ಬಲ. ಫೋಮ್ ಸದ್ದನ್ನು ಚೆನ್ನಾಗಿ ಹೀರಬೇಕಾದರೆ ಅದರ ದಪ್ಪ ಅಲೆಯ ಉದ್ದದ ಕಾಲುಭಾಗದ ಹತ್ತಿರ ಇರಬೇಕು. 80 ಹರ್ಟ್ಸ್‌ಗೆ ಅದು ಒಂದು ಮೀಟರಿಗೂ ಹೆಚ್ಚು. ಅಂಗಡಿಯಲ್ಲಿ ತೋರಿಸುವ 10 ಮಿಲಿಮೀಟರ್ ಫೋಮ್ ಈ ಗುಂಯ್‌ಗಾಟವನ್ನು ಹೀರಲಾರದು. 30,000 ರೂಪಾಯಿ ಕೊಟ್ಟ ಮೇಲೆ ಕಾರು ಒಟ್ಟಾರೆ ಹಿತವೆನಿಸಬಹುದು, ಆದರೆ ಬೇರೆ ಸದ್ದುಗಳೆಲ್ಲ ಇಳಿದು ಈ ಒಂದೇ ಸದ್ದು ಮೊದಲಿಗಿಂತ ಎದ್ದು ಕೇಳುವ ಸಾಧ್ಯತೆ ಹೆಚ್ಚು.

ಕೆಳಗಿನ ದುರಸ್ತಿಯೆಲ್ಲ ಮುಗಿದ ಮೇಲೂ ಸ್ವಲ್ಪ ಸದ್ದು ಉಳಿದರೆ, ಡಿಕ್ಕಿಯ ನೆಲ, ಸ್ಟೆಪ್ನಿ ಕೂರುವ ಗುಂಡಿ, ಹಿಂದಿನ ಚಕ್ರಗಳ ಒಳಕಮಾನು ಇಷ್ಟಕ್ಕೆ ಮಾತ್ರ ಶೀಟ್ ಹಾಕಿಸಿ. ಗೆಣ್ಣಿನಿಂದ ತಟ್ಟಿ, ಗಂಟೆಯಂತೆ ಉಲಿಯುವ ತಗಡಿನ ನಡುಭಾಗಕ್ಕೆ ಅಂಟಿಸಿದರೆ ಸಾಕು. ತಗಡಿನ ಮೂರನೇ ಒಂದು ಭಾಗ ಮುಚ್ಚಿದರೂ ಬಹುಪಾಲು ಪ್ರಯೋಜನ ಸಿಗುತ್ತದೆ, ಇಡೀ ಕಾರಿಗೆ ಹತ್ತಾರು ಕಿಲೋ ತೂಕ ಹೊರಿಸಬೇಕಾಗಿಲ್ಲ. ಅಗ್ಗದ ಡಾಂಬರಿನ ಶೀಟ್ ನಮ್ಮ ಬಿಸಿಲಿಗೆ ಮೆತ್ತಗಾಗಿ ವಾಸನೆ ಬಿಡುತ್ತದೆ, ಬ್ಯುಟೈಲ್ ಎಂದು ಕೇಳಿಯೇ ಕೊಳ್ಳಿ. ಕಾರಿನ ಕೆಳಗೆ ಕೊಳವೆಯ ಹತ್ತಿರ ಯಾವ ಶೀಟನ್ನೂ ಅಂಟಿಸಬಾರದು, ಬೆಂಕಿಯ ಭಯವಿದೆ. ನೀರಿಳಿಯುವ ತೂತುಗಳನ್ನು ಮುಚ್ಚಬಾರದು.

ಡಿಕ್ಕಿಯ ಬೀಡಿಂಗನ್ನು ಮಾತ್ರ ಮೊದಲ ದಿನವೇ ಪರೀಕ್ಷಿಸಿ, ಅದು ಸದ್ದಿಗೂ ಹೊಗೆಗೂ ಒಂದೇ ಬಾಗಿಲು. ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿಟ್ಟು ಡಿಕ್ಕಿ ಮುಚ್ಚಿ ಎಳೆಯಿರಿ. ಎಲ್ಲಿ ಸಲೀಸಾಗಿ ಜಾರಿ ಬರುತ್ತದೋ ಅಲ್ಲಿ ರಬ್ಬರ್ ಕುಸಿದಿದೆ. ಸುತ್ತಲೂ ಹೀಗೆ ನೋಡಿ. ಸ್ಟೆಪ್ನಿ ಎತ್ತಿ ಕೆಳಗಿನ ಬಿರಡೆಗಳು ಇವೆಯೇ ಎಂದೂ, ಹಿಂದಿನ ದೀಪಗಳ ಸುತ್ತಲಿನ ಪ್ಯಾಕಿಂಗ್ ಬಿಗಿಯಾಗಿದೆಯೇ ಎಂದೂ ಗಮನಿಸಿ.

ದುರಸ್ತಿಯ ಫಲ ಅಳೆಯಲು ಮೊಬೈಲಿನ ಡೆಸಿಬಲ್ ಆ್ಯಪ್ ನೆಚ್ಚಬೇಡಿ. ಅವು ಸಾಮಾನ್ಯವಾಗಿ ಬಳಸುವ ‘ಎ’ ಮಾಪನ 80 ಹರ್ಟ್ಸ್‌ನ ಸದ್ದನ್ನು ಸುಮಾರು 22 ಡೆಸಿಬಲ್ ಕಡಿಮೆ ಮಾಡಿ ತೋರಿಸುತ್ತದೆ. ಕಿವಿ ಒತ್ತುತ್ತಿದ್ದರೂ ಅಂಕಿ ಸಾಧುವಾಗಿ ಕಾಣುತ್ತದೆ. ಗಂಭೀರ ಸದ್ದನ್ನು ಅಷ್ಟಾಗಿ ಕಡಿತಗೊಳಿಸದ ‘ಸಿ’ ಮಾಪನ ಆಯ್ದುಕೊಳ್ಳುವ ಅವಕಾಶವಿದ್ದರೆ ಅದನ್ನೇ ಬಳಸಿ, ಅದೇ ಫೋನನ್ನು ಹಿಂದಿನ ಸೀಟಿನ ಅದೇ ಜಾಗದಲ್ಲಿಟ್ಟು, ಅದೇ ರಸ್ತೆಯಲ್ಲಿ, ಅದೇ ಗೇರು ಮತ್ತು ವೇಗದಲ್ಲಿ ಮೊದಲು ಹಾಗೂ ನಂತರ ಎಂದು ಹೋಲಿಸಿ. ಒಂದು ಸಲಕ್ಕೆ ಒಂದೇ ಕೆಲಸ ಮಾಡಿಸಿ: ಮೊದಲು ಸೋರಿಕೆ ಮತ್ತು ಬೆಲ್ಲೋಸ್, ಆಮೇಲೆ ರಬ್ಬರುಗಳು, ಆಮೇಲೆ ಇಂಜಿನ್ ಮೌಂಟಿಂಗ್, ಅಗತ್ಯವಿದ್ದರೆ ಮಾತ್ರ ಸೈಲೆನ್ಸರ್ ಡಬ್ಬಿ. ಇಷ್ಟಾದರೂ 2400ರ ಗುಂಯ್‌ಗಾಟ ಉಳಿದರೆ ಮತ್ತೊಮ್ಮೆ ಬರೆಯಿರಿ; ನಿಂತಾಗ ಬರುತ್ತದೆಯೇ, ನಾಲ್ಕನೇ ಗೇರಿನಲ್ಲಿ ಏನಾಗುತ್ತದೆ, ಆಕ್ಸಲರೇಟರ್ ಬಿಟ್ಟಾಗ ನಿಲ್ಲುತ್ತದೆಯೇ, ಮುಂದಕ್ಕೆ ಬಾಗಿದಾಗ ಇಳಿಯುತ್ತದೆಯೇ ಎಂಬ ನಾಲ್ಕು ವಿವರಗಳನ್ನು ತಪ್ಪದೆ ಸೇರಿಸಿ.